ಯಾರೂ ತಿದ್ದದ ಪುಟಗಳನ್ನು ಏನು ಮಾಡುವುದು?

ಮೈಸೂರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ನನ್ನ ಕೆಲಸ. ಪುಸ್ತಕಗಳ ಜೊತೆಗೆ ಇನ್ನೊಂದು ಹೊಣೆಯೂ ನನ್ನ ಪಾಲಿಗಿದೆ. ಮೈಸೂರು, ಮಂಡ್ಯ ಸೀಮೆಯ ಊರು, ಕೆರೆ, ನಾಲೆ, ಗುಡಿ, ಶಾಸನ, ಕಲಾವಿದರ ಬಗ್ಗೆ ವಿದ್ಯಾರ್ಥಿಗಳೂ ಊರಿನವರೂ ಸೇರಿ ಬರೆಯುವ ಅಂತರ್ಜಾಲ ವಿಶ್ವಕೋಶವೊಂದನ್ನು ನಾವು ನಡೆಸುತ್ತೇವೆ. ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿ ತಂತ್ರಾಂಶವೇ ಇದಕ್ಕೂ ಆಧಾರ. ಬರೆಯುವುದಕ್ಕೆ, ತಿದ್ದುವುದಕ್ಕೆ ಯಾರಿಗೂ ಅಡ್ಡಿಯಿಲ್ಲ. ಪುಟವನ್ನು ಪೂರ್ತಿ ಅಳಿಸುವ ಅಧಿಕಾರ ಮಾತ್ರ ಕೆಲವೇ ನಿರ್ವಾಹಕರಿಗಿದೆ. ಅವರಲ್ಲಿ ನಾನೊಬ್ಬಳು.

ಕಳೆದ ವರ್ಷ ಕಾಲೇಜಿಗೆ ಪರಿಶೀಲನಾ ತಂಡ ಬರುವುದಿತ್ತು. ಹಾಳುಬಿದ್ದ ಪುಟಗಳನ್ನು ತೆಗೆದುಹಾಕಿ, ಇರುವಷ್ಟು ಅಚ್ಚುಕಟ್ಟಾಗಿರಲಿ ಎಂಬ ಸೂಚನೆ ಬಂತು. ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಪಟ್ಟಿ ಮಾಡುವುದೂ ಸುಲಭ. ಬಹುಕಾಲದಿಂದ ಯಾರೂ ತಿದ್ದದ ಪುಟಗಳು, ಬೇರೆ ಯಾವ ಪುಟದಿಂದಲೂ ಕೊಂಡಿಯಿಲ್ಲದ ಒಂಟಿ ಪುಟಗಳು, ತೀರ ಚಿಕ್ಕ ಪುಟಗಳು, ಇವೆಲ್ಲದಕ್ಕೂ ತಂತ್ರಾಂಶವೇ ಪಟ್ಟಿ ಕೊಡುತ್ತದೆ. ಮೂರರಲ್ಲಿ ಒಂದರಲ್ಲಾದರೂ ಹೆಸರಿರುವ ಪುಟಗಳನ್ನು ಒಟ್ಟು ಮಾಡಿ ನನ್ನ ಕಿರಿಯ ಸಹೋದ್ಯೋಗಿ ಮೇಜಿನ ಮೇಲೆ ತಂದಿಟ್ಟರು. ಅದರಲ್ಲಿ ಆತಕೂರು ಇತ್ತು.

ಪುಟದಲ್ಲಿದ್ದದ್ದು ಎರಡೇ ವಾಕ್ಯ. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಗ್ರಾಮ, ಇಲ್ಲಿ ಹಳೆಯ ಶಾಸನವೊಂದು ದೊರೆತಿದೆ. ಆಧಾರ ಕೊಟ್ಟಿರಲಿಲ್ಲ, ಚಿತ್ರವಿರಲಿಲ್ಲ. "ಇದು ಇದ್ದರೇನು, ಇಲ್ಲದಿದ್ದರೇನು ಮೇಡಂ?" ಎಂದು ಸಹೋದ್ಯೋಗಿ ಕೇಳಿದರು. ಪುಟವನ್ನಷ್ಟೇ ನೋಡಿದರೆ ಅದು ಸರಿಯಾದ ಪ್ರಶ್ನೆಯೇ.

ಆದರೆ ಆ "ಹಳೆಯ ಶಾಸನ" ಕ್ರಿ.ಶ. 949-50ರ ಹೊತ್ತಿನದು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಆ ಕಲ್ಲಿನಲ್ಲಿದೆ. ದಕ್ಷಿಣ ಭಾರತದ ರಾಜಕೀಯ ಇತಿಹಾಸ ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನನಗೆ ಅದಕ್ಕಿಂತಲೂ ಇಷ್ಟವಾದದ್ದು ಅದೇ ಕಲ್ಲಿನ ಇನ್ನೊಂದು ಕಥೆ. ಬೂತುಗನ ಕಡೆಯ ವೀರ ಮಣಲೇರ, ತನ್ನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮದ್ದೂರು ತಾಲ್ಲೂಕಿನ ಶಾಸನಗಳಿರುವ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಏಳನೆಯ ಸಂಪುಟ ನಮ್ಮ ಗ್ರಂಥಾಲಯದಲ್ಲೇ, ಆ ಪಟ್ಟಿ ತಯಾರಾದ ಕೋಣೆಯ ಪಕ್ಕದ ಕಪಾಟಿನಲ್ಲೇ ಇದೆ.

ವಿಷಯದ ಯೋಗ್ಯತೆ ಒಂದು, ಪುಟದ ಸ್ಥಿತಿ ಇನ್ನೊಂದು. ಮೂರು ಪಟ್ಟಿಗಳೂ ಹೇಳುವುದು ಪುಟದ ಸ್ಥಿತಿಯನ್ನು ಮಾತ್ರ. ಯಾರೂ ತಿದ್ದಿಲ್ಲ ಎಂದರೆ ಯಾರೂ ತಿದ್ದಿಲ್ಲ ಎಂದಷ್ಟೇ ಅರ್ಥ. ನಮ್ಮಂಥ ಚಿಕ್ಕ ಯೋಜನೆಯಲ್ಲಿ ಬರೆಯುವವರೇ ಬೆರಳೆಣಿಕೆಯಷ್ಟು. ಅವರು ಯಾವ ಊರಿನವರೋ ಆ ಊರಿನ ಪುಟ ತುಂಬಿಕೊಳ್ಳುತ್ತದೆ, ಉಳಿದವು ಹಾಗೇ ಬಿದ್ದಿರುತ್ತವೆ. ಇದರಿಂದ ಆತಕೂರಿನ ಬೆಲೆ ತಿಳಿಯುವುದಿಲ್ಲ.

ಗ್ರಂಥಾಲಯದಲ್ಲಿ ನಾವು ಪುಸ್ತಕಗಳನ್ನು ರದ್ದುಪಡಿಸುತ್ತೇವೆ. ಅದಕ್ಕೆ ಮುಖ್ಯ ಕಾರಣ ಜಾಗ. ಹೊಸದು ಬರಬೇಕಾದರೆ ಹಳೆಯದು ಹೋಗಬೇಕು. ಅಂತರ್ಜಾಲದ ಪುಟಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಮೀಡಿಯಾವಿಕಿಯಲ್ಲಿ ಪುಟವನ್ನು ಅಳಿಸಿದರೂ ಅದರ ಎಲ್ಲ ಆವೃತ್ತಿಗಳೂ ದತ್ತಸಂಚಯದಲ್ಲಿ ಉಳಿದಿರುತ್ತವೆ, ನಿರ್ವಾಹಕರು ಬೇಕೆಂದಾಗ ಮರಳಿ ತರಬಹುದು. ಕಾಣದಂತಾಗುವುದು ಓದುಗರಿಗೆ ಮಾತ್ರ. ಹಾಗಾಗಿ ಅಳಿಸುವುದರಿಂದ ಜಾಗ ಉಳಿಯುತ್ತದೆ ಎಂಬ ಮಾತನ್ನು ನಮ್ಮ ಸಭೆಯಲ್ಲಿ ಮೊದಲು ಬದಿಗಿಟ್ಟೆವು.

ಇಷ್ಟು ಓದಿದವರು ನನ್ನನ್ನು ಎಲ್ಲವನ್ನೂ ಉಳಿಸಿಕೊಳ್ಳಬೇಕೆನ್ನುವ ಪಕ್ಷದವಳೆಂದು ತಿಳಿಯಬಹುದು. ಹಾಗಲ್ಲ. ಆ ಪಕ್ಷದವರ ಮುಖ್ಯ ವಾದ, "ಇರಲಿ ಬಿಡಿ, ಯಾರಾದರೂ ಬಂದು ಸರಿಮಾಡುತ್ತಾರೆ" ಎಂಬುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಆ ಮಾತಿಗೆ ಒಂದಿಷ್ಟು ಬಲವಿದೆ. ಅಲ್ಲಿ ಪುಟವೊಂದನ್ನು ಅಳಿಸುವ ಚರ್ಚೆ ಸಾಮಾನ್ಯವಾಗಿ ಏಳು ದಿನ ನಡೆಯುತ್ತದೆ, ಅಷ್ಟರಲ್ಲಿ ಯಾರಾದರೂ ಆಧಾರ ಹುಡುಕಿ ತಂದು ಪುಟವನ್ನು ಎತ್ತಿ ನಿಲ್ಲಿಸುವುದುಂಟು. ನಮ್ಮಲ್ಲಿ ಏಳು ದಿನದಲ್ಲಿ ಆ ಚರ್ಚೆಪುಟವನ್ನು ತೆರೆದು ನೋಡುವವರೂ ಇರುವುದಿಲ್ಲ. ಬಾರದ ಜನರನ್ನು ನಂಬಿ ಪುಟ ಉಳಿಸಿದರೆ ಅದನ್ನು ಓದುವವನಿಗೆ ಮೋಸ.

ಕನ್ನಡ ವಿಕಿಪೀಡಿಯ ಇದನ್ನು ಕಷ್ಟಪಟ್ಟು ಅನುಭವಿಸಿದೆ. 2003ರಲ್ಲಿ ಆರಂಭವಾದ ಆ ವಿಶ್ವಕೋಶಕ್ಕೆ 2009-10ರ ಸುಮಾರಿಗೆ ಗೂಗಲ್ ಸಂಸ್ಥೆ ತನ್ನ ಅನುವಾದ ಸಲಕರಣೆಯ ಮೂಲಕ ಮಾಡಿಸಿದ ಉದ್ದುದ್ದ ಲೇಖನಗಳು ಬಂದು ಸೇರಿದವು. ತೆಲುಗು, ತಮಿಳು, ಬಂಗಾಳಿಗಳಿಗೂ ಹಾಗೆಯೇ ಬಂದವು. ಬಂಗಾಳಿಯವರು ಅವನ್ನು ಒಪ್ಪಲಿಲ್ಲ. ತಮಿಳಿನವರು ಗೂಗಲ್‌ನವರೊಂದಿಗೆ ಕುಳಿತು ಗುಣಮಟ್ಟದ ಮಾತಾಡಿದರು. ಕನ್ನಡದಲ್ಲಿ ಉಳಿದ ಅಂಥ ಲೇಖನಗಳಲ್ಲಿ ಹಲವನ್ನು ಇಂದು ತೆರೆದರೂ ವಾಕ್ಯದ ತಲೆಬಾಲ ತಿಳಿಯುವುದಿಲ್ಲ. ಅವನ್ನು ತಿದ್ದುವುದು ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚಿನ ಕೆಲಸ.

ಹೀಗಾಗಿ ನಾವು ಪ್ರತಿ ಪುಟದ ಮುಂದೆ ಒಂದೇ ಪ್ರಶ್ನೆ ಇಟ್ಟುಕೊಂಡೆವು: ಇನ್ನು ಹತ್ತು ವರ್ಷ ಈ ಪುಟವನ್ನು ಯಾರೂ ಮುಟ್ಟದಿದ್ದರೆ, ಹತ್ತನೆಯ ವರ್ಷ ಇದನ್ನು ಓದುವವನಿಗೆ ಏನಾಗುತ್ತದೆ?

ಈ ಪ್ರಶ್ನೆ ಕೇಳಿದ ಕೂಡಲೇ ಪಟ್ಟಿ ತಾನಾಗಿ ಬೇರೆ ಬೇರೆಯಾಯಿತು. ಆತಕೂರಿನ ಎರಡು ಸಾಲು ಹತ್ತು ವರ್ಷದ ನಂತರವೂ ನಿಜವೇ. ಕಡಿಮೆ ಹೇಳುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ. ಅದೇ ಪಟ್ಟಿಯಲ್ಲಿದ್ದ ರೈಲು ನಿಲ್ದಾಣವೊಂದರ ಪುಟ ನೋಡುವುದಕ್ಕೆ ಎಷ್ಟೋ ತುಂಬಿಕೊಂಡಿತ್ತು. ಗಾಡಿಗಳ ಹೆಸರು, ಬರುವ ಹೊತ್ತು, ಹೊರಡುವ ಹೊತ್ತು, ಟಿಕೆಟ್ ದರ ಎಲ್ಲವೂ ಇದ್ದವು. ಅಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಎಂದಿದ್ದ ಗಾಡಿ 2022ರಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಆಗಿದೆ. ಹೊತ್ತುಗಳು ಅದಕ್ಕೂ ಮೊದಲೇ ಬದಲಾಗಿದ್ದವು. ಅದನ್ನು ನಂಬಿ ನಿಲ್ದಾಣಕ್ಕೆ ಹೋದವನು ಗಾಡಿ ತಪ್ಪಿಸಿಕೊಳ್ಳುತ್ತಾನೆ. ಹುಣಸೆಹಣ್ಣು ವರ್ಷಗಟ್ಟಲೆ ಇರುತ್ತದೆ, ಹಾಲು ಸಂಜೆಗೆ ಒಡೆಯುತ್ತದೆ. ಪುಟದಲ್ಲಿರುವ ಮಾತುಗಳೂ ಹೀಗೆ ಎರಡು ಬಗೆ. ನಾವು ಅವನ್ನು "ಕೆಡುವ ಮಾತು", "ಕೆಡದ ಮಾತು" ಎಂದೇ ಕರೆಯತೊಡಗಿದೆವು, ವಿದ್ಯಾರ್ಥಿಗಳಿಗೂ ಆ ಹೆಸರು ಬಾಯಿಗೆ ಬಂತು.

ಆಮೇಲೆ ಗೊತ್ತಾದ ಸಂಗತಿಯೆಂದರೆ ಅಳಿಸಬೇಕಾದದ್ದು ಬಹಳಷ್ಟು ಕಡೆ ಪುಟವಲ್ಲ, ಕೆಲವು ವಾಕ್ಯಗಳು. ನಿಲ್ದಾಣದ ಪುಟದಿಂದ ವೇಳಾಪಟ್ಟಿಯನ್ನೂ ದರವನ್ನೂ ತೆಗೆದೆವು. ಯಾವ ಮಾರ್ಗದಲ್ಲಿದೆ, ಹಿಂದಿನ ನಿಲ್ದಾಣ ಯಾವುದು, ಮುಂದಿನದು ಯಾವುದು ಎಂಬಷ್ಟು ಉಳಿಯಿತು. ಊರುಗಳ ಪುಟಗಳಲ್ಲಿ "ಈಗಿನ ಗ್ರಾಮ ಪಂಚಾಯಿತಿ ಅಧ್ಯಕ್ಷರು" ಎಂಬ ಸಾಲು ಎಲ್ಲೆಲ್ಲೂ ಇತ್ತು, ಅದೂ ಹೋಯಿತು. ಜನಸಂಖ್ಯೆಯನ್ನು ತೆಗೆಯಲಿಲ್ಲ, ಬರೆಯುವ ರೀತಿ ಬದಲಿಸಿದೆವು. "ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769" ಎಂದರೆ ಅದು ಕೆಡುವ ಮಾತು. "2011ರ ಜನಗಣತಿಯಂತೆ 18,05,769" ಎಂದರೆ ಎಂದಿಗೂ ಕೆಡುವುದಿಲ್ಲ. ಒಂದು ಇಸವಿ ಸೇರಿಸಿದರೆ ಸಾಕು, ಪುಟಕ್ಕೆ ಕಾವಲುಗಾರ ಬೇಕಾಗುವುದಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಿಂದ ತೆಗೆದುಕೊಂಡ ಪುಟಗಳಿಗೂ ಇದೇ ಚಿಕಿತ್ಸೆ. 14 ಸಂಪುಟಗಳ ಆ ಮಹಾಕಾರ್ಯದ ಮೊದಲ ಸಂಪುಟ ಬಂದದ್ದು 1969ರಲ್ಲಿ. 2014ರಲ್ಲಿ ವಿಶ್ವವಿದ್ಯಾನಿಲಯ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದರಿಂದ ನಮ್ಮಂಥವರಿಗೆ ದೊಡ್ಡ ಉಪಕಾರವಾಯಿತು. ಆದರೆ ಆ ಕಾಲದ ಬರಹದಲ್ಲಿ ಕೊಳ್ಳೇಗಾಲ ಇರುವುದು ಮೈಸೂರು ಜಿಲ್ಲೆಯಲ್ಲಿ. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಸರಗೂರು, ಸಾಲಿಗ್ರಾಮಗಳು ತಾಲ್ಲೂಕುಗಳಾದದ್ದು ಇನ್ನೂ ಈಚೆಗೆ. ಭೂಗೋಳ, ಇತಿಹಾಸದ ಮಾತೆಲ್ಲ ಗಟ್ಟಿಯಾಗಿದ್ದು, ಆಡಳಿತದ ಒಂದು ಸಾಲು ಹಳೆಯದಾಗಿದೆ ಎಂಬ ಕಾರಣಕ್ಕೆ ಅಂಥ ಪುಟಗಳನ್ನು ತೆಗೆದಿದ್ದರೆ ಅದು ದೊಡ್ಡ ನಷ್ಟ.

ಕೆಲವು ಪುಟಗಳ ಬಗ್ಗೆ ನಾನು ಒಂದಿಷ್ಟೂ ಮೆತ್ತಗಾಗಲಿಲ್ಲ. ಆರೋಗ್ಯದ ಪುಟಗಳು ಅಂಥವು. ಯಂತ್ರದಿಂದ ಅನುವಾದಿಸಿ ಹಾಕಿದ, ಔಷಧದ ಪ್ರಮಾಣವನ್ನೂ ಹೇಳುವ ಪುಟಗಳಿದ್ದವು. ಅವು ಹತ್ತು ವರ್ಷವಲ್ಲ, ಹತ್ತು ದಿನವೂ ಇರಬಾರದು. ಮನೆಯಲ್ಲಿ ಹಿರಿಯರಿಗೆ ಕಾಯಿಲೆಯಾದಾಗ ಮೊಬೈಲಿನಲ್ಲಿ ಕನ್ನಡದಲ್ಲಿ ಹುಡುಕುವ ಹುಡುಗಿಯೊಬ್ಬಳಿಗೆ ಸಿಗುವುದು ಅದೇ ಪುಟ. ಇಲ್ಲಿ ಅಳಿಸುವುದರಿಂದ ಇನ್ನೊಂದು ಅನುಕೂಲವೂ ಇದೆ. ಪುಟ ಇಲ್ಲದಿದ್ದರೆ ಅದರ ಕೊಂಡಿ ಕೆಂಪಾಗಿ ಕಾಣುತ್ತದೆ, ಇಲ್ಲಿ ಬರೆಯಬೇಕಾದದ್ದಿದೆ ಎಂದು ಬಲ್ಲವರಿಗೆ ತಿಳಿಯುತ್ತದೆ. ಕೆಟ್ಟ ಪುಟವಿದ್ದರೆ ಕೊಂಡಿ ನೀಲಿಯಾಗಿದ್ದು, ಕೆಲಸ ಮುಗಿದಿದೆ ಎಂದು ಎಲ್ಲರೂ ತಿಳಿಯುತ್ತಾರೆ.

ಬದುಕಿರುವವರ ಮೇಲೆ ಆಧಾರವಿಲ್ಲದೆ ಆರೋಪ ಹೊರಿಸಿದ ಪುಟವನ್ನು ಕಂಡ ದಿನವೇ, ಯಾರನ್ನೂ ಕೇಳದೆ ತೆಗೆದೆ. ತಮ್ಮ ಬಗ್ಗೆ ತಾವೇ "ಪ್ರಖ್ಯಾತ ಸಮಾಜಸೇವಕ" ಎಂದು ಬರೆದುಕೊಂಡ ಪುಟಗಳೂ ಹೋದವು. ಇವುಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಒಂದೇ ವಿಷಯಕ್ಕೆ ಹಲವು ಪುಟಗಳಿದ್ದ ಕಡೆ ಬೇರೆಯೇ ಎಚ್ಚರಿಕೆ ಬೇಕಾಯಿತು. ಕನ್ನಂಬಾಡಿಯಿಂದ ಮಂಡ್ಯಕ್ಕೆ ನೀರು ತರುವ ನಾಲೆಗೆ ಮೊದಲಿಗೆ ಇರ್ವಿನ್ ನಾಲೆ ಎಂದು ಹೆಸರು, ಈಗ ವಿಶ್ವೇಶ್ವರಯ್ಯ ನಾಲೆ, ರೈತರ ಬಾಯಲ್ಲಿ ವಿ.ಸಿ. ನಾಲೆ. ನಮ್ಮಲ್ಲಿ ಮೂರು ಹೆಸರಿಗೂ ಮೂರು ಪುಟ, ಅದು ಹಾದುಹೋಗುವ ಹುಲಿಕೆರೆ ಸುರಂಗಕ್ಕೆ ಮತ್ತೊಂದು. ಮಾಹಿತಿಯನ್ನೆಲ್ಲ ಒಂದು ಪುಟಕ್ಕೆ ತಂದು ಉಳಿದವನ್ನು ಅಳಿಸೋಣ ಎಂದು ಸಹೋದ್ಯೋಗಿ ಸೂಚಿಸಿದರು. ತರಬಹುದು, ಆದರೆ ಅಳಿಸುವಂತಿಲ್ಲ. ನಾವು ಬಳಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಂತೆ ಬರೆದವರ ಹೆಸರು ಬರಹದ ಜೊತೆ ಉಳಿಯಬೇಕು, ಆ ಹೆಸರುಗಳಿರುವುದು ಹಳೆಯ ಪುಟದ ಇತಿಹಾಸದಲ್ಲಿ. ಆದ್ದರಿಂದ ಹಳೆಯ ಹೆಸರುಗಳಿಂದ ಹೊಸ ಪುಟಕ್ಕೆ ಪುನರ್ನಿರ್ದೇಶನ ಕೊಟ್ಟೆವು. ಇರ್ವಿನ್ ನಾಲೆ ಎಂದು ಹುಡುಕುವ ಹಿರಿಯರೂ ಸರಿಯಾದ ಜಾಗಕ್ಕೇ ಬಂದು ಸೇರುತ್ತಾರೆ.

ಪಟ್ಟಿಯಲ್ಲಿದ್ದ ಮದ್ದೂರು ಸುತ್ತಿನ ಊರುಗಳ ಪುಟಗಳಲ್ಲಿ ಹೆಚ್ಚಿನವನ್ನು ಬರೆದವರು ನಿವೃತ್ತ ಶಾಲಾ ಶಿಕ್ಷಕರೊಬ್ಬರು. ಏನನ್ನಾದರೂ ಅಳಿಸುವ ಮೊದಲು ಬರೆದವರಿಗೆ ತಿಳಿಸಬೇಕೆಂಬುದು ನಮ್ಮ ನಿಯಮ, ಫೋನು ಮಾಡಿದೆ. "ನಮ್ಮ ಊರಿನ ಹೆಸರು ಎಲ್ಲಾದರೂ ಒಂದು ಕಡೆ ಇರಲಿ ಎಂದು ಬರೆದೆನಮ್ಮ. ಮುಂದೆ ಬರೆಯಲು ಏನು ಬೇಕು ಎಂದು ಯಾರೂ ಹೇಳಲಿಲ್ಲ" ಎಂದರು. ಕೆರೆಯ ಹೆಸರು, ಗುಡಿ, ಜಾತ್ರೆ ಯಾವ ತಿಂಗಳು, ಹತ್ತಿರದ ನಾಲೆ, ಶಾಸನವಿದ್ದರೆ ಯಾವ ಸಂಪುಟದಲ್ಲಿದೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕಳುಹಿಸಿದೆ. ಅವರು ಶಾಸನ ಸಂಪುಟ ನೋಡಲು ಬಸ್ ಹತ್ತಿ ಮೈಸೂರಿಗೇ ಬಂದರು, ಟಿಪ್ಪಣಿ ಪುಸ್ತಕದ ತುಂಬ ಬರೆದುಕೊಂಡು ಹೋದರು. ಆತಕೂರಿನ ಪುಟದಲ್ಲಿ ಈಗ ಕಾಳಿಯ ಕಥೆಯೂ ತಕ್ಕೋಲದ ಯುದ್ಧವೂ ಇವೆ, ಆಧಾರಸಮೇತ. ಪುಟ ಅಳಿಸಿದ್ದೇವೆ ಎಂಬ ಸೂಚನೆಯಷ್ಟೇ ಅವರಿಗೆ ಹೋಗಿದ್ದರೆ ಈ ಬರಹಗಾರರು ನಮ್ಮ ಕೈತಪ್ಪುತ್ತಿದ್ದರು. ಪುಟವನ್ನು ದತ್ತಸಂಚಯದಿಂದ ಮರಳಿ ತರಬಹುದು, ಅವರನ್ನು ತರುವ ಗುಂಡಿ ಯಾವ ತಂತ್ರಾಂಶದಲ್ಲೂ ಇಲ್ಲ.

ಪರಿಶೀಲನಾ ತಂಡ ಬಂದು ಹೋಯಿತು. ಯಾವುದನ್ನು ಏಕೆ ಉಳಿಸಿದೆವು, ಏಕೆ ತೆಗೆದೆವು ಎಂಬುದನ್ನು ಪ್ರತಿ ಚರ್ಚೆಪುಟದಲ್ಲೂ ಬರೆದಿದ್ದೆವು, ಅದನ್ನೇ ತೋರಿಸಿದೆವು.

ಇನ್ನೂ ತೀರ್ಮಾನವಾಗದೆ ಉಳಿದಿರುವುದು ಜನಪದ ಕಲಾವಿದರ ಪುಟಗಳು. ಪೂಜಾ ಕುಣಿತ, ತಮಟೆ, ಸೋಬಾನೆ ಪದಗಳಲ್ಲಿ ಹೆಸರು ಮಾಡಿ ತೀರಿಕೊಂಡವರು. ಅವರ ಬಗ್ಗೆ ಅಂತರ್ಜಾಲದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಆಧಾರ ಅಂತರ್ಜಾಲದಲ್ಲೇ ಇರಬೇಕೆಂದು ಯಾವ ವಿಶ್ವಕೋಶದ ನಿಯಮವೂ ಹೇಳುವುದಿಲ್ಲ. ಜಿಲ್ಲಾ ಗೆಜೆಟಿಯರ್‌ಗಳಿವೆ, ಜಾನಪದ ಅಕಾಡೆಮಿಯ ಪ್ರಶಸ್ತಿ ಪಟ್ಟಿಗಳಿವೆ, ಆಂದೋಲನ, ಮೈಸೂರು ಮಿತ್ರ ಪತ್ರಿಕೆಗಳ ಹಳೆಯ ಕಟ್ಟುಗಳು ನಮ್ಮ ಉಗ್ರಾಣದಲ್ಲಿವೆ. ಈ ಸೆಮಿಸ್ಟರ್‌ನಲ್ಲಿ ಒಂದು ತಂಡ ಆ ಕಟ್ಟುಗಳನ್ನು ತಿರುವಿ ಹಾಕುತ್ತಿದೆ. ಒಂದಾದರೂ ಅಚ್ಚಾದ ಆಧಾರ ಸಿಕ್ಕವರ ಪುಟ ಉಳಿಯುತ್ತದೆ. ಸಿಗದವರ ಹೆಸರು, ಊರು, ಕಲೆ ಇಷ್ಟನ್ನು ಆಯಾ ಕಲೆಯ ಪುಟದ ಚರ್ಚೆಪುಟಕ್ಕೆ ಸೇರಿಸಿ, ಅವರ ಮನೆಯವರಿಗೆ ತಿಳಿಸಿ, ಪುಟವನ್ನು ತೆಗೆಯುತ್ತೇವೆ. ಈ ಕೊನೆಯ ಗುಂಪಿನ ಹೆಸರುಗಳನ್ನು ಅಳಿಸುವ ಕೆಲಸವನ್ನು ನಾನು ಬೇರೆ ಯಾರಿಗೂ ವಹಿಸಿಲ್ಲ.