ಲಾಗಿನ್ ಪರದೆ ನಿಲ್ಲಿಸಿದ್ದು ನಾನೇ

ಬೆಳಿಗ್ಗೆ ಎಂಟೂವರೆಗೆ ಫೋನ್ ಬಂದಾಗ ನಾನು ಮಂಗಳೂರಿನಿಂದ ಉಡುಪಿ ಕಡೆಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿದ್ದೆ. ಬಸ್ಸು ಮುಲ್ಕಿ ಸೇತುವೆ ಹತ್ತುತ್ತಿತ್ತು. ಹೊರಗೆ ಜುಲೈ ತಿಂಗಳ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು.

"ಸರ್, ಎಂತ ಮಾಡಿದ್ರಿ ನಿನ್ನೆ? ಆರು ಸಿಸ್ಟಮ್ ಕಪ್ಪು ಬಂದಿದೆ. ಎಡಗಡೆ ಮೂಲೆಯಲ್ಲಿ ಲಾಗಿನ್ ಅಂತ ಮಾತ್ರ ಉಂಟು. ಮೌಸೂ ಇಲ್ಲ. ಒಂಬತ್ತಕ್ಕೆ ಇಂಟರ್ನಲ್ಸ್."

ಮೇಡಂ ಹೇಳಿದ್ದು ಕೇಳಿದ ಕೂಡಲೇ ತಪ್ಪು ಎಲ್ಲಿ ಆಗಿದೆ ಅಂತ ಗೊತ್ತಾಯಿತು. ಯಂತ್ರಗಳಲ್ಲಿ ಏನೂ ದೋಷ ಇರಲಿಲ್ಲ. ನಾನು ಹೇಳಿದ್ದನ್ನೇ ಅವು ಮಾಡಿದ್ದವು.

ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವ. ಹಿಂದಿನ ದಿನ ಆರು ಡೆಸ್ಕ್‌ಟಾಪ್‌ಗಳಿಗೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಹಾಕಿ ಡ್ರೈವರ್ ಇನ್‌ಸ್ಟಾಲ್ ಮಾಡುವ ಕೆಲಸ ಇತ್ತು. ನಮ್ಮ ಲ್ಯಾಬಿನಲ್ಲಿರುವುದು ಉಬುಂಟು ಎಂಬ ಲಿನಕ್ಸ್, ಅದರದ್ದೇ ಪ್ಯಾಕೇಜಿನಿಂದ ಡ್ರೈವರ್ ಹಾಕಿದರೆ ಈ ರಗಳೆಯೇ ಇಲ್ಲ. ಈಗಲೂ ಯಾರಾದರೂ ಕೇಳಿದರೆ ಅದನ್ನೇ ಮಾಡಿ ಅನ್ನುತ್ತೇನೆ. ಆದರೆ ಪಾಠ ಮಾಡುವವರಿಗೆ ಒಂದು ನಿರ್ದಿಷ್ಟ ವರ್ಷನ್ನೇ ಬೇಕಿತ್ತು. ಹಾಗಾಗಿ ಕಂಪನಿಯ ಇನ್‌ಸ್ಟಾಲರ್ ಫೈಲನ್ನೇ ಓಡಿಸಬೇಕಾಯಿತು. ಅದನ್ನು ಓಡಿಸಿದವರಿಗೆ ಗೊತ್ತು, ಮೊದಲು ಬರುವ ತಕರಾರು ಒಂದೇ: ಎಕ್ಸ್ ಸರ್ವರ್ (ಪರದೆಯ ಮೇಲೆ ಕಿಟಕಿ, ಚಿತ್ರ ಮೂಡಿಸುವ ಪ್ರೋಗ್ರಾಂ) ನಡೆಯುತ್ತಿದೆ, ಅದನ್ನು ಮುಚ್ಚಿ ಬನ್ನಿ.

ಈ ಮುಚ್ಚುವ ಕೆಲಸದಲ್ಲಿ ನಾನು ಹಿಂದೊಮ್ಮೆ ಅರ್ಧ ದಿನ ಕಳೆದವ. ನಾನು ಲಿನಕ್ಸ್ ಕಲಿತದ್ದು ರೆಡ್ ಹ್ಯಾಟ್‌ನಲ್ಲಿ. ಯಂತ್ರ ಯಾವ ಸ್ಥಿತಿಯಲ್ಲಿ ನಡೆಯಬೇಕು ಅನ್ನುವುದಕ್ಕೆ ಅಲ್ಲಿ ರನ್‌ಲೆವೆಲ್ ಎಂಬ ಸಂಖ್ಯೆಗಳು. ರನ್‌ಲೆವೆಲ್ 3 ಅಂದರೆ ಬರೀ ಅಕ್ಷರದ ಪರದೆ, 5 ಅಂದರೆ ಗ್ರಾಫಿಕಲ್. ಇನಿಟ್ 3 ಅಂತ ಹೊಡೆದರೆ ಲಾಗಿನ್ ಪೆಟ್ಟಿಗೆ ತೋರಿಸುವ ಲಾಗಿನ್ ಮ್ಯಾನೇಜರ್ ತಣ್ಣಗೆ ಮಲಗುತ್ತಿತ್ತು. ಆಮೇಲೆ ಮಂಗಳೂರಿನ ಒಂದು ಲ್ಯಾಬಿನಲ್ಲಿ ಉಬುಂಟು 10.04 ಎದುರಾಯಿತು. ಅಲ್ಲೂ ಇನಿಟ್ 3 ಹೊಡೆದೆ. ಎರರ್ ಇಲ್ಲ, ಬದಲಾವಣೆಯೂ ಇಲ್ಲ. ಉಬುಂಟು ಸೇರಿದ ಡೆಬಿಯನ್ ಮನೆತನದಲ್ಲಿ 2ರಿಂದ 5ರ ತನಕ ಎಲ್ಲ ರನ್‌ಲೆವೆಲ್ಲೂ ಒಂದೇ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಒಂದೇ ಕೋಣೆಗೆ ನಾಲ್ಕು ಬಾಗಿಲು ಇದ್ದ ಹಾಗೆ.

ಸಿಟ್ಟು ಬಂದು ಎಕ್ಸ್ ಪ್ರೊಸೆಸ್ಸನ್ನೇ ಹುಡುಕಿ ಕಿಲ್ ಮಾಡಿದೆ. ಪರದೆ ಕಪ್ಪಾಯಿತು. ಸಂತೋಷಪಡುವಷ್ಟರಲ್ಲಿ ಮಿಂಚಿದ ಹಾಗಾಗಿ ಲಾಗಿನ್ ಪೆಟ್ಟಿಗೆ ಪುನಃ ಬಂದು ನಿಂತಿತು. ಕಿಲ್ ಮೈನಸ್ 9 ಹೊಡೆದೆ. ಪುನಃ ಬಂತು. ಪಕ್ಕದಲ್ಲಿದ್ದ ಹುಡುಗ ನಗಾಡಿದ, "ರಕ್ತಬೀಜ ಸರ್ ಇದು."

ರಕ್ತಬೀಜ ಅಲ್ಲ, ಆದರೆ ಯಕ್ಷಗಾನದ ಆಟದ ಲೆಕ್ಕದಲ್ಲೇ ಅದನ್ನು ಅರ್ಥ ಮಾಡಿಕೊಂಡೆ. ಎಕ್ಸ್ ಸರ್ವರ್ ರಂಗಸ್ಥಳಕ್ಕೆ ಬಂದ ವೇಷ. ಅದನ್ನು ಓಡಿಸಿದರೆ ಚೌಕಿಯಿಂದ ಇನ್ನೊಂದು ವೇಷ ಬರುತ್ತದೆ, ಯಾಕೆಂದರೆ ಭಾಗವತರು ಪದ ನಿಲ್ಲಿಸಿಲ್ಲ. ಇಲ್ಲಿ ಭಾಗವತಿಕೆ ಮಾಡುತ್ತಿದ್ದದ್ದು ಜಿಡಿಎಂ ಎಂಬ ಲಾಗಿನ್ ಮ್ಯಾನೇಜರ್. ಎಕ್ಸ್ ಸತ್ತರೆ ಹೊಸದನ್ನು ಎಬ್ಬಿಸುವುದೇ ಅದರ ಕೆಲಸ. ನಿಲ್ಲಿಸಬೇಕಾದ್ದು ಅದನ್ನು, ಅದೂ ಕಿಲ್ ಮಾಡಿ ಅಲ್ಲ, ಅದನ್ನು ಶುರು ಮಾಡಿದವರ ಮೂಲಕ. ಸರ್ವಿಸ್ ಜಿಡಿಎಂ ಸ್ಟಾಪ್ ಅಂದ ಮೇಲೆ ಸದ್ದಿಲ್ಲದೆ ನಿಂತಿತು. ಯಂತ್ರದ ಸೇವೆಗಳನ್ನೆಲ್ಲ ಶುರು ಮಾಡಿ ನೋಡಿಕೊಳ್ಳುವ ಈಗಿನ ಸಿಸ್ಟಮ್‌ಡಿ ಕಾಲದಲ್ಲೂ ಕತೆ ಇದೇ. ಜಿಡಿಎಂನ ಯುನಿಟ್ ಫೈಲಿನಲ್ಲಿ, ಅಂದರೆ ಅದನ್ನು ಹೇಗೆ ನಡೆಸಬೇಕು ಎಂಬ ಸೂಚನೆಯ ಫೈಲಿನಲ್ಲಿ, ರೀಸ್ಟಾರ್ಟ್ ಆಲ್ವೇಸ್ ಅಂತ ಬರೆದಿರುತ್ತದೆ, ಹಾಗಾಗಿ ಜಿಡಿಎಂ ಪ್ರೊಸೆಸ್ಸನ್ನೇ ಕೊಂದರೂ ಅದು ಎದ್ದು ಬರುತ್ತದೆ.

ಇಷ್ಟು ಗೊತ್ತಿದ್ದ ಕಾರಣ ಈ ಸಲ ಧೈರ್ಯವಾಗಿಯೇ ಕೂತೆ. ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಅಕ್ಷರದ ಕನ್ಸೋಲಿಗೆ ಹೋದೆ. ಇದನ್ನು ಬಿಟ್ಟು ಡೆಸ್ಕ್‌ಟಾಪಿನ ಟರ್ಮಿನಲ್ ಕಿಟಕಿಯಿಂದಲೇ ಲಾಗಿನ್ ಮ್ಯಾನೇಜರ್ ನಿಲ್ಲಿಸಿದರೆ ಕೂತ ಕೊಂಬೆ ಕಡಿದ ಹಾಗೆ. ಟರ್ಮಿನಲ್ಲೂ ಹೋಗುತ್ತದೆ, ತೆರೆದಿಟ್ಟ ಫೈಲುಗಳೂ ಹೋಗುತ್ತವೆ. ಒಬ್ಬ ಹುಡುಗನ ಸೇವ್ ಮಾಡದ ಪ್ರೋಗ್ರಾಂ ಹಾಗೆ ಹೋಗಿದ್ದು ನನ್ನ ಲೆಕ್ಕದಲ್ಲೇ ಉಂಟು. ಅವನು ಏನೂ ಹೇಳಲಿಲ್ಲ, ಅದೇ ಹೆಚ್ಚು ಬೇಜಾರು.

ಮೊದಲ ಐದು ಯಂತ್ರದಲ್ಲಿ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಜಿಡಿಎಂ3 ಸರಿಯಾಗಿ ನಡೆಯಿತು. ಆರನೆಯದರಲ್ಲಿ ಅಂಥ ಯುನಿಟ್ ಲೋಡ್ ಆಗಿಲ್ಲ ಅಂತ ಉತ್ತರ. ಪರದೆಯಲ್ಲಿ ಲಾಗಿನ್ ಕಾಣುತ್ತಿದೆ, ಇಲ್ಲ ಅನ್ನುತ್ತದಲ್ಲ! ಇಟಿಸಿ ಒಳಗಿನ ಎಕ್ಸ್11 ಫೋಲ್ಡರಿನಲ್ಲಿ ಡಿಫಾಲ್ಟ್ ಡಿಸ್‌ಪ್ಲೇ ಮ್ಯಾನೇಜರ್ ಎಂಬ ಒಂದೇ ಸಾಲಿನ ಫೈಲ್ ಇರುತ್ತದೆ, ತೆರೆದು ನೋಡಿದರೆ ಲೈಟ್‌ಡಿಎಂ, ಇನ್ನೊಂದು ಲಾಗಿನ್ ಮ್ಯಾನೇಜರ್. ಹಿಂದೆ ಇದ್ದವರು ಯಾರೋ ಹಗುರ ಆಗಲಿ ಅಂತ ಬದಲಿಸಿದ್ದಿರಬೇಕು. ಜಿಡಿಎಂ, ಲೈಟ್‌ಡಿಎಂ, ಎಸ್‌ಡಿಡಿಎಂ ಯಾವುದೇ ಇರಲಿ, ಡಿಸ್‌ಪ್ಲೇ-ಮ್ಯಾನೇಜರ್ ಎಂಬ ಸಾಮಾನ್ಯ ಹೆಸರಿನಲ್ಲಿ ಸ್ಟಾಪ್ ಕೊಟ್ಟರೆ ನಿಲ್ಲುತ್ತದೆ. ಆ ಹೆಸರು ಸದ್ಯ ಯಾವುದು ಕೆಲಸದಲ್ಲಿದೆಯೋ ಅದಕ್ಕೆ ಕೊಂಡಿ. ಈಗ ನಾನು ಬೇರೆ ಹೆಸರು ಹಾಕುವುದೇ ಇಲ್ಲ.

ಇಲ್ಲಿಗೆ ಮುಗಿದಿದ್ದರೆ ಮರುದಿನ ಫೋನ್ ಬರುತ್ತಿರಲಿಲ್ಲ. ಇನ್‌ಸ್ಟಾಲರ್ ಅರ್ಧದಲ್ಲಿ ನಿಂತು, ನೂವೋ ಡ್ರೈವರ್ (ಲಿನಕ್ಸ್ ಜೊತೆಗೇ ಬರುವ ಎನ್‌ವಿಡಿಯಾ ಡ್ರೈವರ್) ಅಡ್ಡ ಬರುತ್ತಿದೆ, ಅದನ್ನು ಬಂದ್ ಮಾಡಿದ್ದೇನೆ, ರೀಬೂಟ್ ಮಾಡಿ ಪುನಃ ಓಡಿಸಿ ಅಂದಿತು. ರೀಬೂಟ್ ಮಾಡಿದರೆ ಲಾಗಿನ್ ಮ್ಯಾನೇಜರ್ ಎದ್ದೇ ಏಳುತ್ತದೆ. ಸ್ಟಾಪ್ ಅಂದರೆ ಈ ಹೊತ್ತಿಗೆ ಮಾತ್ರ. ಡಿಸೇಬಲ್ ಮಾಡೋಣ ಅಂತ ಹೋದರೆ, ಈ ಯುನಿಟ್ಟಿನಲ್ಲಿ ಇನ್‌ಸ್ಟಾಲ್ ವಿವರವೇ ಇಲ್ಲ ಅಂತ ಉದ್ದದ ಪ್ರವಚನ ಬಂತು. ಓದಿ ಮುಗಿಸುವಾಗ ಗೊತ್ತಾಯಿತು, ಏನೂ ಆಗಿಲ್ಲ. ಆಗ ಸೆಟ್-ಡಿಫಾಲ್ಟ್ ಮಲ್ಟಿ-ಯೂಸರ್ ಟಾರ್ಗೆಟ್ ಕೊಟ್ಟೆ. ಅಂದರೆ ಇನ್ನು ಮುಂದೆ ಯಾವಾಗ ಆನ್ ಆದರೂ ಅಕ್ಷರದ ಪರದೆಯಲ್ಲೇ ನಿಲ್ಲು ಅಂತ ಕಾಯಂ ಆಜ್ಞೆ. ಒಂದೇ ಸಲದ್ದಾಗಿದ್ದರೆ, ಯಂತ್ರ ಆನ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಬರೀ 3 ಅಂತ ಸೇರಿಸಿ ಎಫ್10 ಒತ್ತಿದರೆ ಸಾಕಿತ್ತು. ಆ ಬೂಟ್ ಮುಗಿದರೆ ಅದೂ ಮುಗಿಯಿತು. ಆರು ಯಂತ್ರದಲ್ಲಿ ಗ್ರಬ್ ಹಿಡಿಯಲು ಉದಾಸೀನ.

ಸಂಜೆ ಆರಕ್ಕೆ ಡ್ರೈವರ್ ಕೂತಿತು. ಆರರಲ್ಲೂ ಸ್ಟಾರ್ಟ್ ಡಿಸ್‌ಪ್ಲೇ-ಮ್ಯಾನೇಜರ್ ಕೊಟ್ಟೆ, ಆರರಲ್ಲೂ ಲಾಗಿನ್ ಪೆಟ್ಟಿಗೆ ಚಂದ ಬಂತು. ಅಟೆಂಡರ್ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು, "ಹೊರಡುವನಾ ಸರ್?" ಶಟ್‌ಡೌನ್ ಮಾಡಿ ಹೊರಟೆ. ಕಣ್ಣೆದುರು ಲಾಗಿನ್ ಬಂದದ್ದು ನೋಡಿ ಎಲ್ಲ ಮೊದಲಿನ ಹಾಗೇ ಆಯಿತು ಅಂದುಕೊಂಡೆ. ಕಾಯಂ ಆಜ್ಞೆ ಹಾಗೇ ಉಳಿದಿತ್ತು.

ಬಸ್ಸಿನಿಂದ ಮೇಡಂಗೆ ಹೇಳಿಕೊಡಬೇಕಿತ್ತು. ಡಿಸ್‌ಪ್ಲೇ ಅಡ್ಡಗೆರೆ ಮ್ಯಾನೇಜರ್ ಅಂತೆಲ್ಲ ಮಳೆಯ ಸದ್ದಿನಲ್ಲಿ ಅಕ್ಷರ ಬಿಡಿಸಿ ಹೇಳಿದರೆ ಉಡುಪಿ ಬಂದರೂ ಮುಗಿಯದು. ಆಗ ಹಳೆಯ ಇನಿಟ್ ನೆನಪಾಯಿತು. ಸಿಸ್ಟಮ್‌ಡಿ ಬಂದ ಮೇಲೆ, ಅಂದರೆ ಉಬುಂಟುವಿನಲ್ಲಿ 15.04ರಿಂದ, 3 ಮಲ್ಟಿ-ಯೂಸರಿಗೂ 5 ಗ್ರಾಫಿಕಲ್ಲಿಗೂ ಸರಿಯಾಗಿ ಹೋಗುತ್ತಿದ್ದವು (2025ರ ಸಿಸ್ಟಮ್‌ಡಿ 258ರಲ್ಲಿ ಇದನ್ನು ತೆಗೆದುಹಾಕಿದ್ದಾರೆ). 10.04ರಲ್ಲಿ ಕೈಕೊಟ್ಟದ್ದು ಈಗ ಕೈಹಿಡಿಯಿತು. ಸುಡೋ ಇನಿಟ್ 5. ಅಷ್ಟೇ.

ಆದರೆ ಸುಡೋ ಮಾಡಲು ಅಡ್ಮಿನ್ ಖಾತೆ ಬೇಕು, ಮೇಡಂ ಹತ್ತಿರ ಇದ್ದದ್ದು ಮಕ್ಕಳ ಖಾತೆ ಮಾತ್ರ. ತುಂಬಿದ ಬಸ್ಸಿನಲ್ಲಿ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಕೂಗಿ ಹೇಳಿದೆ. ಬಿ ದೊಡ್ಡದು. ಬಾಂಬೆಯ ಬಿ. ಕೊನೆಗೆ ಉದ್ಗಾರ ಚಿಹ್ನೆ.

"ಸರ್, ಕೀಬೋರ್ಡ್ ಕೆಲಸ ಮಾಡುವುದಿಲ್ಲ. ಎಂತದೂ ಬೀಳುವುದಿಲ್ಲ."

"ಬೀಳುತ್ತದೆ ಮೇಡಂ, ಕಾಣುವುದಿಲ್ಲ ಅಷ್ಟೇ. ಚುಕ್ಕೆಯೂ ಬರುವುದಿಲ್ಲ. ಟೈಪ್ ಮಾಡಿ ಎಂಟರ್ ಕೊಡಿ."

ಎರಡು ಸಲ ತಪ್ಪಿತು, ಮೂರನೆಯದಕ್ಕೆ ಒಳಗೆ ಹೋಯಿತು. ಸುಡೋ ಅದೇ ಪಾಸ್‌ವರ್ಡನ್ನು ಪುನಃ ಕೇಳಿದಾಗ ಅವರು ಏನೋ ಗೊಣಗಿದ್ದು ನನಗೆ ಕೇಳಿಸಿತು. ಆಮೇಲೆ "ಹಾಂ, ಬಂತು." ಪಡುಬಿದ್ರಿ ದಾಟುವಾಗ ನಾಲ್ಕು ಯಂತ್ರ ಆಗಿತ್ತು, ಕಾಪು ಬರುವಾಗ ಆರೂ. ರೀಸ್ಟಾರ್ಟ್ ಮಾತ್ರ ಮಾಡಬೇಡಿ, ಮಾಡಿದರೆ ಪುನಃ ಕಪ್ಪು ಬರುತ್ತದೆ ಅಂತ ಹೇಳಿದ್ದೆ. ಕರೆಂಟ್ ಒಪ್ಪಬೇಕಲ್ಲ. ಒಂಬತ್ತೂ ಹತ್ತಕ್ಕೆ ಹೋಗಿ ಬಂತು. ಯುಪಿಎಸ್ ಬ್ಯಾಟರಿ ಸತ್ತಿದ್ದ ಒಂದು ಯಂತ್ರ ಕಪ್ಪಾಯಿತು. ಅಷ್ಟರಲ್ಲಿ ಮೇಡಂ ನನ್ನನ್ನು ಕೇಳದೆ ಅವರೇ ಹೊಡೆದು ಸರಿ ಮಾಡಿದ್ದರು.

ಬಸ್ಸಿನಲ್ಲಿ ಪಕ್ಕದ ಸೀಟಿನವರು ಕಟಪಾಡಿಯಲ್ಲಿ ಇಳಿಯುವಾಗ ಹೇಳಿದರು, "ಪಾಸ್‌ವರ್ಡ್ ಇವತ್ತೇ ಚೇಂಜ್ ಮಾಡಿ ಮಾರ್ರೆ."

ಇಂಟರ್ನಲ್ಸ್ ಮುಗಿದ ಮೇಲೆ ಮೊದಲು ಅದನ್ನೇ ಮಾಡಿದೆ. ಆಮೇಲೆ ಒಂದೊಂದೇ ಯಂತ್ರದ ಮುಂದೆ ಕೂತು ಸೆಟ್-ಡಿಫಾಲ್ಟ್ ಗ್ರಾಫಿಕಲ್ ಟಾರ್ಗೆಟ್ ಕೊಟ್ಟೆ, ಗೆಟ್-ಡಿಫಾಲ್ಟ್ ಕೇಳಿ ಉತ್ತರ ಓದಿದೆ, ಪೂರ್ತಿ ಆಫ್ ಮಾಡಿ ಆನ್ ಮಾಡಿ, ಲಾಗಿನ್ ಪೆಟ್ಟಿಗೆ ತಾನಾಗಿ ಬರುವ ತನಕ ಎದ್ದೇಳಲಿಲ್ಲ. ಆರನೆಯದರ ಹೊತ್ತಿಗೆ ಅಟೆಂಡರ್ ಪುನಃ ಬೀಗದ ಕೈ ಹಿಡಿದು ಬಂದಿದ್ದರು. ಐದು ನಿಮಿಷ ನಿಲ್ಲಿ ಅಂದೆ.