ವರ್ಷಗಟ್ಟಲೆ ಮಂಕಾದ ಮನಸ್ಸಿಗೆ ಯಾವ ಮಾತ್ರೆ?

ಮನೋವೈದ್ಯನೆಂದು ತಿಳಿದವರೆಲ್ಲ ಕೇಳುವ ಪ್ರಶ್ನೆ ಇದು: "ಡಾಕ್ಟರೇ, ಕೆಲಸ ಕಾರ್ಯವೇನೂ ನಿಂತಿಲ್ಲ, ಆದರೆ ವರ್ಷಗಳಿಂದ ಯಾವುದರಲ್ಲೂ ರುಚಿಯಿಲ್ಲ. ಯಾವ ಮಾತ್ರೆ ಒಳ್ಳೆಯದು?"

ಎರಡು ವರ್ಷ ದಾಟಿದ ಇಂಥ ಸೌಮ್ಯ ಖಿನ್ನತೆಗೆ ಡಿಸ್ಥೈಮಿಯಾ ಎಂಬ ಹೆಸರಿದೆ. "ನನ್ನ ಸ್ವಭಾವವೇ ಹೀಗೆ" ಎಂದುಕೊಂಡು ಅರ್ಧ ಆಯುಸ್ಸು ಕಳೆದವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಗುಣಪಡಿಸುವ ಶಕ್ತಿಯಲ್ಲಿ ಮಾತ್ರೆಗಳ ನಡುವೆ ದೊಡ್ಡ ಅಂತರವಿಲ್ಲ. ಹಳೆಯ ಇಮಿಪ್ರಮಿನ್ ಕೂಡ ಸರ್ಟ್ರಾಲಿನ್‌ನಷ್ಟೇ ಕೆಲಸ ಮಾಡುತ್ತದೆ. ಆದರೆ ಬಾಯಿ ಒಣಗಿ, ಮಲಬದ್ಧತೆಯಾಗಿ, ಎದ್ದು ನಿಂತರೆ ತಲೆ ಸುತ್ತಿ ಅನೇಕರು ಅದನ್ನು ನಡುವೆಯೇ ಬಿಡುತ್ತಾರೆ. ಅತಿಯಾಗಿ ನುಂಗಿದರೆ ಹೃದಯಕ್ಕೇ ಅಪಾಯ. ಅದಕ್ಕೇ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಹಿಂದೆಂದಾದರೂ ಉನ್ಮಾದದ ಅವಧಿಗಳಿದ್ದವೇ ಎಂದು ವಿಚಾರಿಸಿ, ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್, ಫ್ಲೂಆಕ್ಸೆಟಿನ್ ಗುಂಪಿನಿಂದ ಆರಂಭಿಸುತ್ತೇನೆ.

ಮುಂದಿನ ಆಯ್ಕೆಯನ್ನು ನಿರ್ಧರಿಸುವುದು ಎದುರಿಗೆ ಕುಳಿತವರ ಬದುಕು. ಮಾತ್ರೆ ಮರೆಯುವವರಿಗೆ ಫ್ಲೂಆಕ್ಸೆಟಿನ್ ವಾಸಿ. ದೇಹದಲ್ಲಿ ಬಹಳ ದಿನ ಉಳಿಯುವುದರಿಂದ ಒಂದು ದಿನ ತಪ್ಪಿದರೂ ಅಷ್ಟಾಗಿ ಕಾಡದು. ಪ್ಯಾರಾಕ್ಸೆಟಿನ್ ತಪ್ಪಿದರೆ ತಲೆಸುತ್ತು, ಸಿಡಿಮಿಡಿ ಬೇಗ ಶುರುವಾಗುತ್ತವೆ. ಹಾಲೂಡಿಸುವ ತಾಯಂದಿರಿಗೆ ಸಾಮಾನ್ಯವಾಗಿ ಸರ್ಟ್ರಾಲಿನ್, ಏಕೆಂದರೆ ಅದು ಎದೆಹಾಲಿಗೆ ಸೇರುವ ಪ್ರಮಾಣ ಅತ್ಯಲ್ಪ. ನಿದ್ದೆ, ಹಸಿವು ಎರಡೂ ಸೊರಗಿದ್ದರೆ ರಾತ್ರಿ ಮಿರ್ಟಾಜಪಿನ್. ಅದು ತೂಕ ಏರಿಸುತ್ತದೆ, ಹಾಗಾಗಿ ಸಕ್ಕರೆ ಕಾಯಿಲೆಯವರಿಗೆ ಕೊಡಲು ಹಿಂಜರಿಯುತ್ತೇನೆ.

ಲೈಂಗಿಕ ಆಸಕ್ತಿ ಕುಗ್ಗಿದ್ದನ್ನು ಮಾತ್ರ ಹೆಚ್ಚಿನವರು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಮಾತ್ರೆ ನಿಲ್ಲಿಸುತ್ತಾರೆ. ದಯವಿಟ್ಟು ಹೇಳಿ, ಗಂಡ ಹೆಂಡತಿ ಇಬ್ಬರೂ. ಬುಪ್ರೊಪಿಯಾನ್‌ನಲ್ಲಿ ಈ ತೊಂದರೆ ಕಡಿಮೆ. ಆದರೆ ಫಿಟ್ಸ್ ಇರುವವರಿಗೆ ಅದನ್ನು ಕೊಡುವಂತಿಲ್ಲ.

ಯಾವುದನ್ನೇ ಕೊಟ್ಟರೂ ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕು. ಹೊಟ್ಟೆ ತೊಳೆಸುವುದು, ತಳಮಳ ಮೊದಲ ವಾರವೇ ಬರುತ್ತವೆ. ಕಷ್ಟ ಮೊದಲು, ಸುಖ ಆಮೇಲೆ ಎಂಬುದನ್ನು ಮುಂಚೆಯೇ ಹೇಳದ ವೈದ್ಯರ ಮೇಲೆ ನನಗೆ ಸಿಟ್ಟಿದೆ. ಇಪ್ಪತ್ತೈದರೊಳಗಿನ ಕೆಲವರಲ್ಲಿ ಆರಂಭದಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು, ಮನೆಯವರು ಜೊತೆಗಿರಬೇಕು. ಚೇತರಿಸಿಕೊಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿ, ಬಿಡುವಾಗ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಿ. ಮಾತ್ರೆಯ ಜೊತೆ ಆಪ್ತಸಮಾಲೋಚನೆಯೂ ನಡೆದರೆ ಇನ್ನೂ ಒಳ್ಳೆಯದು.

ಊರಿನಲ್ಲಿ ಮನೋವೈದ್ಯರಿಲ್ಲದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.