ಪಿನ್ ಒತ್ತಿದರೆ ರೇಟು

ಪಿನ್ ಒತ್ತಿದರೆ ರೇಟು ಕಾಣುತ್ತದೆ ಅಂತ ನಮಗೆ ಮೊದಲು ಹೇಳಿದ್ದು ಗಿರಾಕಿಯೇ. ಮುಂಬೈಯ ಮುಲುಂಡಿನ ಹೋಟೆಲಿನವರು. "ಕಾಂದಿವಲಿಯವನಿಗೆ ಕಿಲೋಗೆ ನಾಲ್ಕು ರೂಪಾಯಿ ಕಮ್ಮಿ ಯಾಕೆ ಮಾರಾಯ್ರೆ?" ಅಂದರು. ಸೇಲ್ಸ್‌ನವರು ಯಾರೋ ಬಾಯಿ ಬಿಟ್ಟಿರಬೇಕು ಅಂದುಕೊಂಡು "ಯಾರು ಹೇಳಿದ್ರು ನಿಮಗೆ?" ಅಂತ ಸ್ವಲ್ಪ ಗಡಸಾಗಿಯೇ ಕೇಳಿದೆ. "ನಿಮ್ಮ ಮ್ಯಾಪೇ ಹೇಳ್ತಾ ಉಂಟಲ್ಲ."

ನಮ್ಮದು ಉಡುಪಿ ಹೋಟೆಲುಗಳಿಗೆ ರುಬ್ಬಿದ ಹಿಟ್ಟು, ಕಾಫಿಪುಡಿ ಸಪ್ಲೈ. ಗೋಡೌನು ಘಾಟ್‌ಕೋಪರಿನಲ್ಲಿ, ಡಿಸ್ಪ್ಯಾಚ್ ನನ್ನ ತಲೆಗೆ. ಹಳೆ ಡ್ರೈವರುಗಳಿಗೆ ಬೀಟ್, ಅಂದರೆ ಅವರವರ ಡೆಲಿವರಿ ದಾರಿ, ಬಾಯಿಪಾಠ. ಅವರಲ್ಲೊಬ್ಬ ಭೂತಕೋಲಕ್ಕೆಂದು ಊರಿಗೆ ಹೋದನೋ, ಬದಲಿ ಹುಡುಗನಿಗೆ ಡೆಲಿವರಿ ಚಲನ್ ಕೈಗೆ ಕೊಟ್ಟು ದೇವರೇ ಗತಿ ಅನ್ನಬೇಕು. ಚಲನ್ ಮೇಲೆ 'ಎಂ.ಜಿ. ರೋಡ್' ಅಂತಿದ್ದರೆ ಅದು ಮುಲುಂಡಿನದೋ, ಕಾಂದಿವಲಿಯದೋ, ಗೋರೆಗಾಂವಿನದೋ, ಫೋರ್ಟಿನದೋ? ಸ್ಟೇಷನ್ ರೋಡಂತೂ ಸ್ಟೇಷನ್ನಿಗೊಂದು.

ಹಾಗಾಗಿ ಗೂಗಲ್ ಮೈ ಮ್ಯಾಪ್ಸ್. ಎಕ್ಸೆಲ್ ಹಾಕು, ಯಾವ ಕಾಲಮ್ಮಿನಲ್ಲಿ ವಿಳಾಸ ಇದೆ ಅಂತ ತೋರಿಸು, ಪಿನ್ನುಗಳು ಉದುರುತ್ತವೆ. ಒಂದು ಮ್ಯಾಪಿಗೆ 10 ಲೇಯರ್, ಒಂದು ಲೇಯರಿಗೆ 2,000 ಸಾಲು, ನಮ್ಮಂಥವರಿಗೆ ಬೇಕಾದಷ್ಟಾಯಿತು. ಬೀಟಿಗೊಂದು ಲೇಯರ್ ಮಾಡಿದೆ. ಕ್ಯೂಜಿಐಎಸ್ ಅನ್ನುವ ಮ್ಯಾಪ್ ಸಾಫ್ಟ್‌ವೇರ್ ಕಲಿತವರನ್ನು ಇಟ್ಟುಕೊಳ್ಳೋಣ ಅಂದರೆ ದಣಿ "ಹಿಟ್ಟು ಮಾರಲಿಕ್ಕೆ ಇಸ್ರೋದವರು ಬೇಕಾ?" ಅನ್ನುವ ಜನ.

ವಿಳಾಸ ನಂಬಿ ಬಿದ್ದ ಪಿನ್ನುಗಳಲ್ಲಿ ಎಷ್ಟೋ ಬೇರೆ ಉಪನಗರಕ್ಕೆ ಹೋಗಿ ಕೂತಿದ್ದವು. ಪಿನ್‌ಕೋಡ್ ಸೇರಿಸಿದ ಮೇಲೆ, ಅಂದರೆ ಮುಲುಂಡ್ ವೆಸ್ಟಿಗೆ 400080, ಕಾಂದಿವಲಿ ವೆಸ್ಟಿಗೆ 400067 ಅಂತ ಬರೆದ ಮೇಲೆ, ಊರಾದರೂ ಸರಿಯಾಯಿತು. ಬಾಗಿಲು ಸರಿಯಾಗಲಿಲ್ಲ. ಡ್ರೈವರುಗಳು ಡ್ರಾಪ್ ಜಾಗದಲ್ಲೇ ನಿಂತು ಕಳಿಸಿದ ಲೊಕೇಶನ್‌ನಿಂದ ಅಕ್ಷಾಂಶ, ರೇಖಾಂಶದ ಅಂಕಿ ತೆಗೆದು ತುಂಬಿಸಿದೆವು. ಅಕೌಂಟ್ಸಿನ ಹುಡುಗಿ ಅದನ್ನು ಸಿಎಸ್‌ವಿ, ಅಂದರೆ ಬರೀ ಅಕ್ಷರ-ಅಂಕಿಯ ಫೈಲು, ಮಾಡಿ ಕೊಟ್ಟಾಗ ಮಾಟುಂಗಾದ ಹೋಟೆಲುಗಳೆಲ್ಲ ಒಂದರ ಮೇಲೊಂದು. ಎಕ್ಸೆಲ್ ಪರದೆಯಲ್ಲಿ ದಶಮಾಂಶದ ನಂತರ ಎರಡೇ ಅಂಕಿ ಕಾಣುತ್ತಿತ್ತು, ಸಿಎಸ್‌ವಿಗೆ ಹೋಗುವುದೂ ಕಂಡಷ್ಟೇ. ಎರಡನೇ ಅಂಕಿಯ ಒಂದು ಹೆಜ್ಜೆ ಅಂದರೆ ನೆಲದ ಮೇಲೆ ಸುಮಾರು ಒಂದು ಕಿಲೋಮೀಟರ್. ನಾಲ್ಕು ಅಂಕಿ ಇಟ್ಟರೆ ಹತ್ತು ಹನ್ನೊಂದು ಮೀಟರಿಗೆ ಇಳಿಯುತ್ತದೆ, ಅಷ್ಟಿದ್ದರೆ ಶಟರ್ ಸಿಗುತ್ತದೆ. ಅಕ್ಷಾಂಶ, ರೇಖಾಂಶ ಅದಲು ಬದಲಾದ ಚೆಂಬೂರಿನ ಗಿರಾಕಿಯೊಬ್ಬರು ನಾರ್ವೆಯ ಉತ್ತರಕ್ಕೆ ನಡುಸಮುದ್ರದಲ್ಲಿ ಹೋಟೆಲ್ ಇಟ್ಟಿದ್ದರು. ಅದನ್ನು ನೋಡಿ ಗೋಡೌನೆಲ್ಲ ನಕ್ಕಿತು. ಇಂಥ ತಪ್ಪು ಒಳ್ಳೆಯದು, ಕಣ್ಣಿಗೆ ಹೊಡೆಯುತ್ತದೆ.

ಕಣ್ಣಿಗೆ ಹೊಡೆಯದ್ದು ಇನ್ನೊಂದಿತ್ತು. ನಾವು ಹಾಕಿದ್ದು ಲೆಡ್ಜರಿನಿಂದ ಇಳಿಸಿದ ಶೀಟು. ಹೆಸರು, ವಿಳಾಸದ ಪಕ್ಕದಲ್ಲೇ ಸ್ಕೀಮ್ ರೇಟು, ಔಟ್‌ಸ್ಟ್ಯಾಂಡಿಂಗ್ ಬಾಕಿ, ಕ್ರೇಟ್ ರಿಟರ್ನ್. ಯಾವ ಕಾಲಮ್ ಪಿನ್ನಿನ ಜಾಗ, ಯಾವುದು ಹೆಸರು ಅಂತ ಮೈ ಮ್ಯಾಪ್ಸ್ ಕೇಳುತ್ತದೆ. ಉಳಿದದ್ದನ್ನು ಏನು ಮಾಡಲಿ ಅಂತ ಕೇಳುವುದಿಲ್ಲ. ಎಲ್ಲವನ್ನೂ ಪಿನ್ನಿನ ಡಬ್ಬಿಯೊಳಗೆ ಸುರಿಯುತ್ತದೆ. ಡ್ರೈವರುಗಳಿಗೆ ಜಿಮೇಲ್ ಪಾಸ್‌ವರ್ಡ್ ನೆನಪಿರುವುದಿಲ್ಲವೆಂದು ಲಿಂಕ್ ಇದ್ದ ಯಾರಾದರೂ ನೋಡಬಹುದು ಅಂತ ಇಟ್ಟಿದ್ದೆ. ದಣಿಗೆ ಮ್ಯಾಪ್ ಚಂದ ಕಂಡಿತು. ಮುಂಬೈ ತುಂಬ ಬಣ್ಣಬಣ್ಣದ ಪಿನ್ನು, ಯಾರಿಗಾದರೂ ಹೆಮ್ಮೆಯೇ. ಸೇಲ್ಸಿನವನ ಕೈಯಲ್ಲಿ 'ನಮ್ಮ ನೆಟ್‌ವರ್ಕ್ ನೋಡಿ' ಅಂತ ಗಿರಾಕಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿಸಿದರು. ನನಗೆ ಒಂದು ಮಾತಿಲ್ಲ.

ಮುಲುಂಡಿನವರು ಫೋನ್ ಇಡುವಷ್ಟರಲ್ಲಿ ಸೆಕೆಂಡ್ ಟ್ರಿಪ್ ಅರ್ಧ ದಾರಿಯಲ್ಲಿತ್ತು. ಲಿಂಕ್ ಬಂದ್ ಮಾಡಬೇಕು, ಸರಿ. ಮಾಡಿದರೆ ಕಾಂದಿವಲಿ ಬೀಟಿನ ಬದಲಿ ಹುಡುಗನಿಗೆ ದಾರಿಯೇ ಇಲ್ಲ. ಅವನ ಟೆಂಪೋದಲ್ಲಿ ಹುಳಿ ಬರುತ್ತಿರುವ ಹಿಟ್ಟು, ಹೊರಗೆ ಮೇ ತಿಂಗಳ ಬಿಸಿಲು. ಅದಕ್ಕೆ ನಾನು ಜಾಣತನ ಮಾಡಿದೆ: ಲಿಂಕ್ ಹಾಗೇ ಇರಲಿ, ರೇಟಿನ ಕಾಲಮ್ ಮಾತ್ರ ಅಳಿಸೋಣ. ಲೇಯರಿಗೊಂದು ಡೇಟಾ ಟೇಬಲ್ ಇರುತ್ತದೆ ಅನ್ನುವುದು ಕೈ ಹಾಕಿದ ಮೇಲೆ ನೆನಪಾಯಿತು. ಟೇಬಲ್ ತೆರೆ, ರೇಟು ಅಳಿಸು, ಬಾಕಿ ಅಳಿಸು, ಮುಚ್ಚು, ಮುಂದಿನದು. ಆಫೀಸಿನ ವೈಫೈ ಗಿರಗಿರ ತಿರುಗುತ್ತದೆ. ಮಧ್ಯೆ ದಾದರಿನವರ ಫೋನು: "ನಮ್ಮ ಬಾಕಿ ಊರಿಗೆಲ್ಲ ಡಂಗುರ ಸಾರಿದ್ದೀರಂತೆ?" ಪಕ್ಕದ ಹೋಟೆಲಿನವನು ಅವರಿಗೆ ಸ್ಕ್ರೀನ್‌ಶಾಟ್ ಕಳಿಸಿ ನಗುವ ಗೊಂಬೆ ಹಾಕಿದ್ದನಂತೆ. ಆಗ ಕೈ ನಡುಗಿತು. ನಾನು ಕಾಲಮ್ ಅಳಿಸುತ್ತಿದ್ದಷ್ಟು ಹೊತ್ತೂ ಉಳಿದ ಲೇಯರುಗಳು ಬಾಯಿ ತೆರೆದುಕೊಂಡೇ ಇದ್ದವು. ನೋಡುವವರು ಇಡೀ ಮ್ಯಾಪನ್ನು ಕೆಎಂಎಲ್ ಅನ್ನುವ ಮ್ಯಾಪ್ ಫೈಲಾಗಿ ಇಳಿಸಿಕೊಳ್ಳಲೂಬಹುದು.

ಲಿಂಕ್ ಬಂದ್ ಮಾಡಿದೆ. ಮರುಕ್ಷಣ ಕಾಂದಿವಲಿಯಿಂದ "ಅಣ್ಣಾ, ಮ್ಯಾಪ್ ಖುಲ್ತಾ ನಹೀ." ಅವನಿಗೆ ಫೋನಿನಲ್ಲೇ ಎಡ, ಬಲ, ಮೆಡಿಕಲ್ ಸ್ಟೋರ್, ಗಲ್ಲಿ ಹೇಳುತ್ತ ಡ್ರಾಪ್ ಮುಗಿಸಿದೆ. ಇದನ್ನು ಮೊದಲೇ ಮಾಡಬಹುದಿತ್ತು. ಒಬ್ಬ ಹುಡುಗನಿಗೆ ದಾರಿ ಹೇಳುವುದು ಅಷ್ಟೇನೂ ಕಷ್ಟವಲ್ಲ.

ಈಗ ಮ್ಯಾಪಿಗೆ ಬೇರೆಯೇ ಶೀಟು: ಹೆಸರು, ಅಂಕಿಗಳು, ಹಿಂದಿನ ಗೇಟೋ ಮುಂದಿನದೋ, ಶಟರ್ ಎಷ್ಟಕ್ಕೆ ಏಳುತ್ತದೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಿಂದ ಇಳಿದ ಯಾವುದೂ ಅಲ್ಲಿಗೆ ಹೋಗುವಂತಿಲ್ಲ. ಕಳಿಸುವ ಮೊದಲು ಲಾಗಿನ್ ಇಲ್ಲದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ಪಿನ್ ಒತ್ತಿ ನೋಡುತ್ತೇನೆ. ಮ್ಯಾಪ್ ಮಾಡಿದವನ ಲಾಗಿನ್‌ನಲ್ಲಿ ನೋಡಿದರೆ ಹೊರಗಿನವನಿಗೆ ಏನು ಕಾಣುತ್ತದೆಂದು ಹೊಳೆಯುವುದೇ ಇಲ್ಲ. ಡ್ರೈವರುಗಳ ಜಿಮೇಲ್ ಪಾಸ್‌ವರ್ಡ್‌ಗಳನ್ನೂ ಕೂತು ಸರಿಮಾಡಿಸಿದ್ದಾಯಿತು. ಮೈ ಮ್ಯಾಪ್ಸಿನ ಆಂಡ್ರಾಯ್ಡ್ ಆಪ್ 2021ರಲ್ಲೇ ನಿಂತುಹೋಗಿದೆ, ಹಾಗಾಗಿ ಎಲ್ಲ ಬ್ರೌಸರಿನಲ್ಲೋ ಗೂಗಲ್ ಮ್ಯಾಪ್ಸ್ ಒಳಗೋ ಹುಡುಕಿ ತೆರೆಯುವ ಕರ್ಮ.

ಮುಲುಂಡಿನವರಿಗೆ ಕಾಂದಿವಲಿ ರೇಟು ಸಿಕ್ಕಿತು. ಮಾರ್ಕೆಟ್ ಬಿದ್ದಿದೆ ಅಂತ ಮೀಟಿಂಗಿನಲ್ಲಿ ದಣಿಯ ವಿವರಣೆ. ಅದೇ ಮೀಟಿಂಗಿನಲ್ಲಿ ಐದು ಕಿಲೋಮೀಟರಿನ ವೃತ್ತ ಎಳೆದು ಬೀಟ್ ಹಂಚೋಣ ಅನ್ನುವ ಹೊಸ ಐಡಿಯಾ ಬಂತು. ಮೈ ಮ್ಯಾಪ್ಸಿನಲ್ಲಿ ವೃತ್ತ ಎಳೆಯುವ ಗುಂಡಿಯೇ ಇಲ್ಲ, ಬೇರೆ ಸೈಟಿನಿಂದ ಕೆಎಂಎಲ್ ಮಾಡಿ ತರಬೇಕು, ತಂದು ತೋರಿಸಿದೆ. ವರ್ಸೋವಾದಿಂದ ಎಳೆದ ವೃತ್ತದೊಳಗೆ ಹಿನ್ನೀರಿನಾಚೆಯ ಮಡ್ ಊರು ಆರಾಮಾಗಿ ಕೂತಿತ್ತು. ಖಾಡಿ ದಾಟಲು ದೋಣಿ ಉಂಟು, ನಮ್ಮ ಟೆಂಪೋ ಮಾತ್ರ ಮಲಾಡ್ ಸುತ್ತಿಯೇ ಹೋಗಬೇಕು ಅಂದೆ. ಹಳೆ ಡ್ರೈವರ್ ಕೆಮ್ಮಿದ. ವೃತ್ತದ ಮಾತು ಅಲ್ಲಿಗೆ ನಿಂತಿತು.

ಬಾಕಿ ಇರುವವರ ಪಿನ್ನು ಕೆಂಪಾಗಿರುವ ಮ್ಯಾಪೊಂದು ದಣಿಗೆ ಬೇಕಂತೆ, ಅವರೊಬ್ಬರಿಗೇ. ಪ್ರಿಂಟ್ ತೆಗೆದು ಕೊಟ್ಟಿದ್ದೇನೆ.